ಮಗಳ ದಿಂಬಿನಡಿ ಸಿಕ್ಕ ಕಾದಂಬರಿ

ರಾಜಾಜಿನಗರದಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ.

'ಮಗಳು ಎರಡನೇ ಪಿಯುಸಿ. ಹಾಸಿಗೆ ಕೊಡವುವಾಗ ಅವಳ ದಿಂಬಿನಡಿ ದಪ್ಪನೆಯ ಇಂಗ್ಲಿಷ್ ಕಾದಂಬರಿ ಸಿಕ್ಕಿತು. ನಾಲ್ಕು ಪುಟ ತಿರುವಿ ನೋಡಿದೆ. ರಕ್ತ ಕುಡಿಯುವ ಪಿಶಾಚಿಯನ್ನು ಹುಡುಗಿಯೊಬ್ಬಳು ಪ್ರೀತಿಸುತ್ತಾಳಂತೆ! ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಮೂರು ದಿನದಿಂದ ಮಗಳು ಮಾತು ಬಿಟ್ಟಿದ್ದಾಳೆ. ನಮ್ಮತ್ತೆ, ಮೊದಲೇ ಹದ್ದುಬಸ್ತಿನಲ್ಲಿ ಇಡಬೇಕಿತ್ತು ಅಂತಾರೆ. ನಾನು ಮಾಡಿದ್ದು ಸರೀನಾ? ಇಂಥ ಲವ್ ಸ್ಟೋರಿ ಓದಿ ಮಕ್ಕಳು ಹಾಳಾಗೋದಿಲ್ವಾ?'

ಪತ್ರದ ಕೊನೆಗೆ, ಬೇರೆ ಪೆನ್ನಿನಲ್ಲಿ ಇನ್ನೊಂದು ಸಾಲು: 'ಮದುವೆಗೆ ಮುಂಚೆ ನಾನೂ ತುಂಬಾ ಓದುತ್ತಿದ್ದೆ. ಇಪ್ಪತ್ತು ವರ್ಷವಾಯ್ತು, ಒಂದೂ ಕಾದಂಬರಿ ಮುಟ್ಟಿಲ್ಲ.'

ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಆ ಕೊನೆಯ ಸಾಲಿನಲ್ಲೇ ಇದೆ. ಬೀರುವಿನ ಬೀಗ ತೆಗೆಯಿರಿ. ಪುಸ್ತಕ ಹೊರಗೆ ತೆಗೆದು ಮೊದಲು ನೀವು ಓದಿ. ಆಮೇಲೆ ನೀವು ಹಿಂದೆ ಓದಿದ ಒಂದು ಕಾದಂಬರಿಯನ್ನು ಮಗಳ ಕೈಗಿಡಿ. ಪ್ರೀತಿ, ಮದುವೆ, ಗಂಡಸರ ಸ್ವಭಾವ ಇವನ್ನೆಲ್ಲ ಮಗಳ ಎದುರು ಕೂತು ಮಾತಾಡೋದು ನಮಗೆ ಮುಜುಗರ. ಅದೇ ಕಾದಂಬರಿಯ ನಾಯಕ ಮಾಡಿದ್ದು ಸರಿಯಾ ತಪ್ಪಾ ಅಂತ ಕೇಳೋದು ಸುಲಭ!

<b>ನಾವೂ ಕದ್ದು ಓದಿದವರೇ</b>

ನಮ್ಮಮ್ಮ ಕಾದಂಬರಿಯನ್ನು ಅಕ್ಕಿ ಡಬ್ಬದೊಳಗೆ ಇಡುತ್ತಿದ್ದಳು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು. ಅಜ್ಜಿ ಮಧ್ಯಾಹ್ನ ಮಲಗಿದ ಮೇಲೆ ಅದು ಹೊರಗೆ ಬರೋದು. 'ಕಾದಂಬರಿ ಓದುವ ಸೊಸೆ ಮನೆ ನಡೆಸ್ತಾಳಾ?' ಅನ್ನೋದು ಅಜ್ಜಿಯ ಮಾತು. ಅಮ್ಮ ಮನೆಯನ್ನೂ ನಡೆಸಿದಳು, ಕಾದಂಬರಿಯನ್ನೂ ಓದಿದಳು. ನಮ್ಮ ಕಾಲಕ್ಕೆ ಕಾಲೇಜಿನಲ್ಲಿ ಮಿಲ್ಸ್ ಅಂಡ್ ಬೂನ್ ಬಂತು. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಆ ಪ್ರಕಾಶನದ ಪುಟ್ಟ ಪುಸ್ತಕಗಳು ಎಕನಾಮಿಕ್ಸ್ ನೋಟ್ಸಿನ ಮಧ್ಯೆ ಕೂತು ಬೆಂಚಿನಿಂದ ಬೆಂಚಿಗೆ ಓಡಾಡುತ್ತಿದ್ದವು.

ಹಾಗಾಗಿ ಮಗಳು ಹೊಸದೇನೂ ಮಾಡಿಲ್ಲ. ಅವಳು ಓದಿದ್ದಕ್ಕೆ ಬೇಜಾರಾಗುವ ಬದಲು, ಏನು ಓದಬೇಕು, ಹೇಗೆ ಓದಬೇಕು ಅನ್ನೋದು ನೋಡೋಣ. ಪ್ರೇಮ ಕಾದಂಬರಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ನಮ್ಮ ನಿಮ್ಮಂಥವರ ಮನೆಯಲ್ಲಿ ನಡೆಯುವ ಕತೆ, ರಾಜರಾಣಿಯರ ಕಾಲದ ಕತೆ ಮತ್ತು ಹಾವು, ದೆವ್ವ, ಮಾಟ ಬರುವ ಅತಿಮಾನುಷ ಕತೆ. ಮೂರರಲ್ಲೂ ಅಮ್ಮ ಮಗಳು ಸೇರಿ ಓದುವಂಥವು ಬೇಕಾದಷ್ಟಿವೆ.

<b>ನಮ್ಮ ನಿಮ್ಮ ಮನೆಯ ಪ್ರೀತಿ</b>

ಶುರು ಮಾಡೋದಾದರೆ ತ್ರಿವೇಣಿಯವರಿಂದ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಈ ಮೈಸೂರಿನ ಲೇಖಕಿ ಅಷ್ಟು ಕಡಿಮೆ ಆಯುಸ್ಸಿನಲ್ಲಿ ಹೆಣ್ಣಿನ ಮನಸ್ಸಿನ ಮೂಲೆ ಮೂಲೆ ತೆರೆದಿಟ್ಟರು. ಅವರ 'ಬೆಳ್ಳಿಮೋಡ'ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದರು. ಸಿನಿಮಾ ನೋಡಿದವರೂ ಪುಸ್ತಕ ಓದಿ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರಾ. ಅವಳ ಅಪ್ಪನ ದುಡ್ಡಿನಲ್ಲಿ ಓದಲು ವಿದೇಶಕ್ಕೆ ಹೋದ ಹುಡುಗ ಮೋಹನ. ಅವನು ಅಲ್ಲಿರುವಾಗ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳದಲ್ಲ ಅಂತಾದಾಗ ಮೋಹನನ ಪ್ರೀತಿಯ ಬಣ್ಣ ಬಯಲಾಗುತ್ತೆ. ಇಂದಿರಾ ಕಡೆಗೆ ಏನು ಮಾಡುತ್ತಾಳೆ ಅನ್ನೋದು ನಾನು ಹೇಳೋದಿಲ್ಲ, ಓದಿಯೇ ತಿಳಿಯಬೇಕು.

ಈ ಪುಸ್ತಕಕ್ಕೂ ನನಗೂ ಒಂದು ಲೆಕ್ಕ ಇದೆ. ನನಗೆ ಮೊದಲ ಸಂಬಂಧ ಕುದುರಿ ನಿಶ್ಚಿತಾರ್ಥವೂ ಆಗಿತ್ತು. ಒಂದು ಸಂಜೆ ಹುಡುಗನ ಕಡೆಯವರು ಬಂದು, ನಿಮ್ಮ ಸೈಟನ್ನು ಹುಡುಗಿಯ ಹೆಸರಿಗೆ ಬರೀತೀರಾ ಅಥವಾ ಮಗನ ಹೆಸರಿಗಾ ಅಂತ ಕೇಳಿದರು. ಅಪ್ಪ ತಲೆ ತಗ್ಗಿಸಿ ಕೂತರು. ಅಮ್ಮ ಕಾಫಿ ಲೋಟಗಳನ್ನು ತೆಗೆದುಕೊಂಡು ಒಳಗೆ ಬಂದಳು. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಒಂದೇ ಮಾತು ಕೇಳಿದಳು: 'ಬೆಳ್ಳಿಮೋಡ ಓದಿದ್ದೀಯಲ್ಲ?'

ಓದಿದ್ದೆ. ಆ ಸಂಬಂಧ ಬೇಡ ಅಂತ ನಾನೇ ಹೊರಗೆ ಹೋಗಿ ಹೇಳಿದೆ. ನಾಲ್ಕು ತಿಂಗಳು ನೆಂಟರಿಷ್ಟರ ಬಾಯಿಗೆ ತುತ್ತಾದೆವು ನಿಜ. ಆದರೆ ಅವತ್ತು ಅಮ್ಮ ಅರ್ಧ ಗಂಟೆ ಬುದ್ಧಿವಾದ ಹೇಳಿದ್ದರೂ ನನಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.

ಮನಸ್ಸಿಗೆ ಹಿತವಾದ ಕತೆ ಬೇಕು ಅನ್ನುವವರು ತ್ರಿವೇಣಿಯವರದೇ 'ಹಣ್ಣೆಲೆ ಚಿಗುರಿದಾಗ' ತೆಗೆದುಕೊಳ್ಳಿ. ಎಳೆಯ ವಿಧವೆಯೊಬ್ಬಳ ಬಾಳು ಮತ್ತೆ ಚಿಗುರುವ ಕತೆ. ಪ್ರೀತಿಸಿದವಳು ಒಬ್ಬಳು, ಕೈ ಹಿಡಿದವಳು ಇನ್ನೊಬ್ಬಳು ಅನ್ನುವ ಸಂಕಟ ವಾಣಿಯವರ 'ಎರಡು ಕನಸು'ವಿನಲ್ಲಿದೆ. ಮಿಲ್ಸ್ ಅಂಡ್ ಬೂನ್ ಕತೆ ಸಾಮಾನ್ಯವಾಗಿ ಮದುವೆಯ ಹೊಸ್ತಿಲಿಗೆ ಮುಗಿದರೆ, ಇಲ್ಲಿ ಹೊಸ್ತಿಲು ದಾಟಿದ ಮೇಲೆಯೇ ಅಸಲಿ ಕತೆ. ಗಂಡ ಹೆಂಡಿರ ಮಧ್ಯೆ ಪ್ರೀತಿ ಹುಟ್ಟಲು ಎಷ್ಟು ತಾಳ್ಮೆ ಬೇಕು ಅನ್ನೋದು ಮದುವೆಯಾದವರಿಗೇ ಗೊತ್ತು, ಅಲ್ವಾ?

ಉಷಾ ನವರತ್ನರಾಂ ಅವರ 'ಬಂಧನ'ವನ್ನಂತೂ ಹುಡುಗರಿಗೂ ಓದಿಸಿ. 1984ರಲ್ಲಿ ವಿಷ್ಣುವರ್ಧನ್, ಸುಹಾಸಿನಿ ಮಾಡಿದ ಸಿನಿಮಾದ ಮೂಲ ಇದೇ. ಡಾಕ್ಟರ್ ಹರೀಶ್ ನಂದಿನಿಯನ್ನು ಮನಸಾರೆ ಪ್ರೀತಿಸುತ್ತಾನೆ. ಅವಳಿಗೆ ಅವನು ಒಳ್ಳೆಯ ಸ್ನೇಹಿತ, ಅಷ್ಟೆ. ಅವಳು ಬೇರೆಯವನ ಕೈ ಹಿಡಿದಾಗ ಹರೀಶ್ ಅವಳ ಹಿಂದೆ ಬಿದ್ದು ಕಾಡೋದಿಲ್ಲ, ಬೆದರಿಸೋದಿಲ್ಲ. ಇಲ್ಲ ಅಂದ ಹುಡುಗಿಯ ಮುಖಕ್ಕೆ ಆಸಿಡ್ ಎರಚುವ ಸುದ್ದಿ ಓದಿದಾಗಲೆಲ್ಲ ನನಗೆ ಹರೀಶ್ ನೆನಪಾಗುತ್ತಾನೆ.

ಇಬ್ಬರು ಇಷ್ಟಪಟ್ಟರೆ ಸಾಲದು, ಸುತ್ತಲಿನವರು ಬಾಳಲು ಬಿಡಬೇಕಲ್ಲ ಅನ್ನುವ ನೋವಿಗೆ ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ'. ಕರ್ಚೀಫು ಹತ್ತಿರ ಇಟ್ಟುಕೊಂಡೇ ಓದಿ.

<b>ಅರಮನೆಯ ಒಳಮನೆ</b>

ಐತಿಹಾಸಿಕ ಕಾದಂಬರಿ ಅಂದರೆ ಬರೀ ಯುದ್ಧ, ಇಸವಿ ಅಂದುಕೊಂಡು ದೂರ ಇಡಬೇಡಿ. ಕೆ.ವಿ. ಅಯ್ಯರ್ ಅವರ 'ಶಾಂತಲಾ' ಹಿಡಿದರೆ ಅಡುಗೆ ತಳ ಹತ್ತಿದ್ದೂ ಗೊತ್ತಾಗೋದಿಲ್ಲ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಹೆಸರಾಂತ ದೇಹದಾರ್ಢ್ಯಪಟು. ಅಂಥವರ ಕೈಯಿಂದ ಹೊಯ್ಸಳ ವಿಷ್ಣುವರ್ಧನನ ರಾಣಿಯ ಕತೆ ಇಷ್ಟು ನವಿರಾಗಿ ಬಂದಿದೆ! ಇದೇ ರಾಣಿಯ ಬಗ್ಗೆ ಸಿ.ಕೆ. ನಾಗರಾಜರಾವ್ ಅವರ 'ಪಟ್ಟಮಹಾದೇವಿ ಶಾಂತಲದೇವಿ' ಇದೆ. ಹಲವು ಸಂಪುಟಗಳ ದೊಡ್ಡ ಕೃತಿ, ಬೇಸಿಗೆ ರಜೆಗೆ ಇಟ್ಟುಕೊಳ್ಳಿ.

ಓದಿದ ಮೇಲೆ ಮಗಳಿಗೆ ಒಂದು ಕೆಲಸ ಕೊಡಿ. ಕತೆ ಎಲ್ಲಿಗೆ ಮುಗಿಯುತ್ತೆ, ಚರಿತ್ರೆ ಎಲ್ಲಿ ಶುರುವಾಗುತ್ತೆ ಅಂತ ಹುಡುಕಲಿ. ಗಂಡನ ವಂಶ ಬೆಳೆಯಲೆಂದು ಶಾಂತಲೆ ತಾನಾಗಿ ಪ್ರಾಣ ಬಿಟ್ಟಳು ಅನ್ನೋದು ಜನ ನಂಬಿಕೊಂಡು ಬಂದ ಕತೆ. ಶ್ರವಣಬೆಳಗೊಳದಲ್ಲಿ ಅವಳೇ ಕಟ್ಟಿಸಿದ ಸವತಿಗಂಧವಾರಣ ಬಸದಿಯಲ್ಲಿರುವ ಶಾಸನ, ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಅನ್ನುತ್ತೆ. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸ ವ್ರತ ಹಿಡಿದು ದೇಹ ಬಿಟ್ಟಳು ಅಂತಲೂ ಅದರಲ್ಲಿದೆ. ಗಂಡನಿಗಾಗಿ ಮಾಡಿದ ತ್ಯಾಗದ ಕತೆ ಎಲ್ಲರ ಬಾಯಲ್ಲಿದೆ. ಅಮ್ಮ ಮಗಳ ಕತೆ ಮಾತ್ರ ಕಲ್ಲಿನಲ್ಲೇ ಉಳಿಯಿತು.

ಸಂಗೀತ ಇಷ್ಟಪಡುವವರು ತ.ರಾ.ಸು. ಅವರ 'ಹಂಸಗೀತೆ' ಬಿಡಬೇಡಿ. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕತೆ ಅದು. 1956ರ ಹಿಂದಿ 'ಬಸಂತ್ ಬಹಾರ್', 1975ರ ಕನ್ನಡ 'ಹಂಸಗೀತೆ' ಎರಡೂ ಸಿನಿಮಾ ಹುಟ್ಟಿದ್ದು ಇದರಿಂದ.

ಇಂಗ್ಲಿಷೇ ಬೇಕು ಅನ್ನುವ ಮಕ್ಕಳಿಗೆ ಜೇನ್ ಆಸ್ಟಿನ್ ಇದ್ದಾಳೆ. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಐದು ಹೆಣ್ಣುಮಕ್ಕಳ ತಾಯಿ ಒಳ್ಳೆಯ ಸಂಬಂಧಕ್ಕಾಗಿ ಪಡುವ ಪರದಾಟ ನೋಡಿದರೆ, ಇದು ನಮ್ಮ ಚಾಮರಾಜಪೇಟೆಯದೇ ಕತೆ ಇರಬೇಕು ಅನ್ನಿಸುತ್ತೆ. ಇನ್ನೂ ಹಗುರವಾದದ್ದು ಬೇಕಾದರೆ ಜಾರ್ಜೆಟ್ ಹೇಯರ್ ಬರೆದ 'ಆರಬೆಲ್ಲಾ'. ಪಾದ್ರಿಯ ಮನೆಯ ಬಡ ಹುಡುಗಿ ಲಂಡನ್ನಿಗೆ ಹೋಗಿ, ಕೋಪಕ್ಕೆ 'ನಾನು ದೊಡ್ಡ ಶ್ರೀಮಂತೆ' ಅಂದುಬಿಡುತ್ತಾಳೆ. ಆಮೇಲೆ ಬರೀ ಪಜೀತಿ! ಮುಜುಗರದ ಸನ್ನಿವೇಶ ಒಂದೂ ಇಲ್ಲ, ಅಜ್ಜಿಯ ಎದುರೂ ಓದಬಹುದು.

<b>ಹಾವೂ ಬಂತು, ಪಿಶಾಚಿಯೂ ಬಂತು</b>

ಈಗ ಬೀರುವಿನಲ್ಲಿ ಬೀಗ ಹಾಕಿಸಿಕೊಂಡ ಪುಸ್ತಕಕ್ಕೆ ಬರೋಣ. ನೀವು ಹೇಳಿದ್ದು ನೋಡಿದರೆ ಅದು 'ಟ್ವೈಲೈಟ್' ಇರಬೇಕು. 2005ರಲ್ಲಿ ಬಂದದ್ದು. ಬರೆದ ಸ್ಟೆಫನಿ ಮೇಯರ್ ಆಗ ಮೂವರು ಪುಟ್ಟ ಗಂಡುಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ಗೃಹಿಣಿ. ಒಂದು ರಾತ್ರಿ ಬಿದ್ದ ಕನಸನ್ನೇ ಹಿಡಿದು, ಮಕ್ಕಳ ಗಲಾಟೆಯ ನಡುವೆ ಬರೆದು ಮುಗಿಸಿದರಂತೆ. ಹದಿನೇಳರ ಹುಡುಗಿ ಬೆಲ್ಲಾ. ನೋಡಲು ಹದಿನೇಳು, ವಯಸ್ಸು ನೂರು ದಾಟಿದ ರಕ್ತಪಿಶಾಚಿ ಎಡ್ವರ್ಡ್. ಅವಳ ರಕ್ತದ ಆಸೆ ಇದ್ದರೂ ಮನಸ್ಸು ಬಿಗಿಹಿಡಿಯುತ್ತಾನೆ ಅನ್ನೋದೇ ಹುಡುಗಿಯರನ್ನು ಸೆಳೆಯುವ ಗುಟ್ಟು.

ಓದುವಾಗ ಒಂದು ಕಡೆ ನಿಲ್ಲಿ. ಎಡ್ವರ್ಡ್ ರಾತ್ರಿ ಹೊತ್ತು ಬೆಲ್ಲಾಗೆ ಗೊತ್ತಿಲ್ಲದ ಹಾಗೆ ಅವಳ ಕೋಣೆಗೆ ಬಂದು, ಮಲಗಿದವಳನ್ನು ನೋಡುತ್ತಾ ಇರುತ್ತಾನೆ. ಪುಸ್ತಕದಲ್ಲಿ ಅದು ಪ್ರೀತಿ. ನಮ್ಮ ಬೀದಿಯಲ್ಲಾದರೆ 112ಕ್ಕೆ ಫೋನ್ ಮಾಡಬೇಕಾದ ವಿಷಯ! ಇದನ್ನು ಮಗಳ ಹತ್ತಿರ ನಗುತ್ತಲೇ ಕೇಳಿ: 'ಹೀಗೆ ಯಾರಾದ್ರೂ ಬಂದ್ರೆ ನೀನೇನು ಮಾಡ್ತೀಯಾ?' ಉತ್ತರಕ್ಕೆ ಅವಸರ ಮಾಡಬೇಡಿ. ಅವಳೇ ಯೋಚನೆ ಮಾಡಲಿ.

ಮತ್ತೆ, ಮನುಷ್ಯರಲ್ಲದವರ ಪ್ರೀತಿ ನಮಗೇನು ಹೊಸದಲ್ಲ. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ ಓದಿಸಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕತೆಗಳ ಮೇಲೆ ಕಟ್ಟಿದ ನಾಟಕ ಇದು. 1997ರಲ್ಲಿ ನಾಗಾಭರಣ ಸಿನಿಮಾ ಮಾಡಿದರು. ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿ ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕಷ್ಟೇ ಬರುತ್ತಾನೆ. ರಾತ್ರಿ ಅದೇ ಗಂಡನ ರೂಪದಲ್ಲಿ ನಾಗಪ್ಪ ಬಂದು ಅವಳ ಕಷ್ಟಸುಖ ಕೇಳುತ್ತಾನೆ. ಮೃಗ ಯಾರು, ಮನುಷ್ಯ ಯಾರು ಅಂತ ಮಗಳನ್ನು ಕೇಳಿ ನೋಡಿ. ಇದರ ಶುರುವಿನಲ್ಲಿ ಊರಿನ ಮನೆಗಳ ದೀಪದ ಕುಡಿಗಳೆಲ್ಲ ರಾತ್ರಿ ಒಂದು ಪಾಳು ಗುಡಿಯಲ್ಲಿ ಸೇರಿ, ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಂಡು ಹರಟುತ್ತವೆ. ಥೇಟ್ ನಮ್ಮ ಮಹಿಳಾ ಸಮಾಜದ ಹಾಗೆ!

ದೆವ್ವ ಇಲ್ಲದೆಯೂ ಮೈ ನಡುಗಬೇಕು ಅಂದರೆ ಡಾಫ್ನೆ ದು ಮೊರಿಯೆ ಬರೆದ 'ರೆಬೆಕಾ' (1938). ದೊಡ್ಡ ಬಂಗಲೆಗೆ ಎರಡನೇ ಹೆಂಡತಿಯಾಗಿ ಬಂದ ಹುಡುಗಿ. ಸತ್ತ ಮೊದಲ ಹೆಂಡತಿಯ ನೆರಳು ಮನೆ ತುಂಬಾ. ಕಾದಂಬರಿ ಮುಗಿದರೂ ಆ ಎರಡನೇ ಹೆಂಡತಿಯ ಹೆಸರೇನು ಅಂತ ನಮಗೆ ಗೊತ್ತಾಗೋದಿಲ್ಲ! 1964ರ ಹಿಂದಿ ಸಿನಿಮಾ 'ಕೋಹರಾ' ಇದರದೇ ಎಳೆ.

<b>ಇವು ನೆನಪಿರಲಿ</b>

* ಓದುವ ಅಭ್ಯಾಸ ತಪ್ಪಿದ್ದರೆ ತೆಳ್ಳಗಿನ ಪುಸ್ತಕದಿಂದ ಶುರು ಮಾಡಿ. ದಿನಕ್ಕೆ ಹತ್ತು ಪುಟ ಸಾಕು. ಒಂದು ಸೀರಿಯಲ್ ಬಿಟ್ಟರೆ ಟೈಮ್ ಸಿಗುತ್ತೆ.

* ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಮೆಂಬರ್ ಆಗಿ. ಬೆಂಗಳೂರಿನವರು ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳನ್ನು ಒಮ್ಮೆ ಸುತ್ತಿ.

* ಯಾವ ಪ್ರೇಮಕತೆ ಓದಿದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಅವಳು ಬೇಡ ಅಂದಾಗ ಅವನು ಕೇಳಿಸಿಕೊಂಡನಾ? ಪ್ರೀತಿಗೆ ಬಿದ್ದ ಮೇಲೆ ಅವಳ ಓದು, ಕೆಲಸ ಏನಾಯಿತು? ಅವನನ್ನು ಬಿಟ್ಟರೆ ಅವಳಿಗೆ ತನ್ನವರು ಅಂತ ಬೇರೆ ಯಾರಾದರೂ ಇದ್ದಾರಾ?

* ವಯಸ್ಸೂ ನೋಡಿ. ಡಯಾನಾ ಗಬಾಲ್ಡನ್ ಅವರ 'ಔಟ್‌ಲ್ಯಾಂಡರ್'ನಲ್ಲಿ 1945ರ ನರ್ಸ್ ಒಬ್ಬಳು ಕಲ್ಲುಗಳ ನಡುವೆ ನುಸುಳಿ 1743ರ ಸ್ಕಾಟ್ಲೆಂಡಿಗೆ ಹೋಗಿ ಬೀಳುತ್ತಾಳೆ. ಕತೆ ಜೋರಾಗಿದೆ. ಆದರೆ ಹಿಂಸೆ, ಹಾಸಿಗೆಯ ವಿವರ ಹೆಚ್ಚು. ಅದು ನಿಮಗೆ, ಪಿಯುಸಿ ಮಗಳಿಗಲ್ಲ.

* ಮಗಳು ಪುಸ್ತಕದ ಹುಡುಗನ ಬದಲು ನಿಜವಾದ ಯಾರ ಬಗ್ಗೆಯೋ ಹೆದರಿ ಮಾತಾಡಿದರೆ ಬೈಯದೆ ಕೇಳಿಸಿಕೊಳ್ಳಿ. ಮಹಿಳಾ ಸಹಾಯವಾಣಿ 181 ಇದೆ.

ರಾಜಾಜಿನಗರದ ಮೇಡಂ, ಇವತ್ತೇ ಬೀರು ತೆಗೆಯಿರಿ. 'ನಾನೂ ಇಪ್ಪತ್ತು ಪುಟ ಓದಿದೆ ಕಣೇ, ಆ ಹುಡುಗ ಏನೂ ತಿನ್ನೋದೇ ಇಲ್ವಲ್ಲ?' ಅಂತ ಮಗಳನ್ನು ಕೇಳಿ. ಮೂರು ದಿನದ ಮೌನ ಅಲ್ಲಿಗೆ ಮುರಿಯದಿದ್ದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಮುರಿದರೆ, ಅವಳ ದಿಂಬಿನಡಿ 'ಬೆಳ್ಳಿಮೋಡ' ಇಟ್ಟು ಬನ್ನಿ.

ಅತ್ತೆಯವರನ್ನೂ ಮರೆಯಬೇಡಿ. ಅವರ ಕಾಲದ ಅಕ್ಕಿ ಡಬ್ಬದಲ್ಲಿ ಯಾವ ಕಾದಂಬರಿ ಇತ್ತು ಅಂತ ಒಂದು ಮಧ್ಯಾಹ್ನ ಮೆಲ್ಲಗೆ ಕೇಳಿ ನೋಡಿ!