ಬಿಲ್ಲು ಓದಲು ಒಬ್ಬರು ಬೇಕು
ಡಿಸ್ಚಾರ್ಜ್ ಎಂದು ಡಾಕ್ಟರು ಬರೆದದ್ದು ಬೆಳಿಗ್ಗೆ ಹತ್ತಕ್ಕೆ. ಬಿಲ್ಲು ಕೈಗೆ ಬಂದಾಗ ಸಂಜೆ ಐದು. ಮುಂಬೈಯ ಪಶ್ಚಿಮ ಉಪನಗರದ ಆಸ್ಪತ್ರೆಯೊಂದರಲ್ಲಿ ನನ್ನ ಸೋದರಮಾವ ಆರು ದಿನ ಮಲಗಿದ್ದರು. ಬಿಲ್ಲಿನಲ್ಲಿ ‘ಕನ್ಸ್ಯೂಮಬಲ್ಸ್’ ಎಂಬ ಒಂದೇ ಸಾಲು, ಅದರ ಮುಂದೆ ಇಪ್ಪತ್ತಮೂರು ಸಾವಿರ. ಏನೇನು ಎಂದು ಕೇಳಿದರೆ, ‘ಸಿಸ್ಟಮ್‌ನಲ್ಲಿ ಹೀಗೇ ಬರುತ್ತದೆ’ ಎಂದರು. ವಿವರ ಕೊಡದೆ ಹಣ ಕಟ್ಟುವುದಿಲ್ಲ ಎಂದು ಅತ್ತೆ ಕೌಂಟರಿನ ಎದುರೇ ಕೂತರು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಪುಟದ ಪಟ್ಟಿ ಹೊರಬಂತು. ಕೈಗವಸೇ ತೊಂಬತ್ತಾರು ಜೊತೆ! ಅತ್ತೆ ಪೆನ್ನು ಹಿಡಿದು ಸಾಲು ಸಾಲಾಗಿ ಗುರುತು ಹಾಕಿದರು. ಮಾವನಿಗೆ ಮಾಡದೇ ಇದ್ದ ಪರೀಕ್ಷೆಯೊಂದರ ಶುಲ್ಕವೂ ಸಿಕ್ಕಿಬಿತ್ತು. ಬಿಲ್ಲು ಇಳಿಯಿತು.

ಆ ಪಟ್ಟಿ ಕೇಳುವುದು ರೋಗಿಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ 17 ಹಕ್ಕುಗಳ ಸನ್ನದಿನಲ್ಲಿ ಅದಿದೆ. ಔಷಧವನ್ನು ಇಷ್ಟಬಂದ ಅಂಗಡಿಯಲ್ಲಿ ಕೊಳ್ಳುವ ಹಕ್ಕೂ ಇದೆ. ಬಾಕಿ ಹಣಕ್ಕಾಗಿ ರೋಗಿಯನ್ನು ಕೂಡಿಹಾಕುವುದು ಅಕ್ರಮ ಎಂದು ಬಾಂಬೆ ಹೈಕೋರ್ಟ್ ಹೇಳಿದೆ. 2021ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ನರ್ಸಿಂಗ್ ಹೋಮ್ ನೋಂದಣಿ ನಿಯಮಗಳನ್ನು ತಿದ್ದಿ, ರೋಗಿಯ ಹಕ್ಕುಗಳನ್ನೂ 15 ಬಗೆಯ ಸೇವೆಗಳ ದರವನ್ನೂ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು ಎಂದಿತು. ಮಾವನಿದ್ದ ಆಸ್ಪತ್ರೆಯಲ್ಲೂ ಆ ಫಲಕವಿತ್ತು, ಲಿಫ್ಟಿನ ಪಕ್ಕದಲ್ಲಿ. ಅದರ ಮುಂದೊಂದು ಕುಂಡದ ಗಿಡ.

ನಿಯಮ ಗೋಡೆಯ ಮೇಲಿದ್ದರೆ ಬಿಲ್ಲು ಇಳಿಯುವುದಿಲ್ಲ. ಯಾರಾದರೂ ಕೂತು ಓದಬೇಕು. ಇದಕ್ಕೆ ಮುಂಬೈಯೇ ಸಾಕ್ಷಿ. ಕೋವಿಡ್ ಕಾಲದಲ್ಲಿ, 2020ರ ಮೇ 21ರ ಆದೇಶದಂತೆ, ಖಾಸಗಿ ಆಸ್ಪತ್ರೆಗಳ ಶೇ 80ರಷ್ಟು ಹಾಸಿಗೆಗಳಿಗೆ ದರ ಗೊತ್ತುಮಾಡಲಾಯಿತು: ವಾರ್ಡಿಗೆ ದಿನಕ್ಕೆ 4,000 ರೂಪಾಯಿ, ಐಸಿಯುಗೆ 7,500, ವೆಂಟಿಲೇಟರ್ ಸಹಿತ 9,000. ಆಮೇಲೂ ಪಿಪಿಇ ಕಿಟ್ ಹೆಸರಿನಲ್ಲಿ ಬಿಲ್ಲು ಉಬ್ಬಿತು. ಆಗ ಮಹಾನಗರಪಾಲಿಕೆ 35 ದೊಡ್ಡ ಆಸ್ಪತ್ರೆಗಳ ಉಸ್ತುವಾರಿಯನ್ನು ಐವರು ಐಎಎಸ್ ಅಧಿಕಾರಿಗಳಿಗೆ ವಹಿಸಿ, ಆಸ್ಪತ್ರೆಗಳಲ್ಲೇ ಲೆಕ್ಕ ಪರಿಶೋಧಕರನ್ನು ಕೂರಿಸಿತು. ದೂರು ಬಂದ ಬಿಲ್ಲುಗಳನ್ನು ಅವರು ಬಿಡಿಸಿ ನೋಡಿದರು, ಹೆಚ್ಚು ಹಾಕಿದ್ದನ್ನು ಕಡಿತ ಮಾಡಿಸಿದರು. ಸೋಂಕು ಇಳಿದ ಮೇಲೆ ಆ ಕುರ್ಚಿಗಳೂ ಖಾಲಿಯಾದವು. ನನ್ನ ಪ್ರಕಾರ ಅದೇ ದೊಡ್ಡ ತಪ್ಪು.

ಈಗ ಜನ ಬಿಲ್ಲಿನ ಫೋಟೊ ತೆಗೆದು ಅಧಿಕಾರಿಗಳ ಎಕ್ಸ್ ಖಾತೆಗೆ ಹಾಕುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ 2025ರ ಜುಲೈ 28ರಂದು ಮಹಾರಾಷ್ಟ್ರ ಸರ್ಕಾರವೇ ನೌಕರರ ಸಾಮಾಜಿಕ ಜಾಲತಾಣ ಬಳಕೆಗೆ ಕಟ್ಟುಪಾಡು ಹಾಕಿದೆ. ಸ್ವಂತ ಖಾತೆ, ಕಚೇರಿ ಖಾತೆ ಬೇರೆ ಬೇರೆ ಇರಬೇಕು. ಗೋಪ್ಯ ದಾಖಲೆ ಹಂಚುವಂತಿಲ್ಲ. ಹಾಗಾಗಿ ಆ ಖಾತೆಯನ್ನೇ ದೂರು ಪೆಟ್ಟಿಗೆ ಎಂದುಕೊಳ್ಳಬೇಡಿ. ಅಧಿಕಾರಿ ‘ಗಮನಿಸಿದ್ದೇವೆ’ ಎಂದು ಬರೆದರೆ ಕಡತ ಹುಟ್ಟಿತೆಂದು ಅರ್ಥವಲ್ಲ. ರೋಗಿಯ ಹೆಸರು, ಕಾಯಿಲೆ ಮಾತ್ರ ಊರಿಗೆಲ್ಲ ಗೊತ್ತಾಗಿರುತ್ತದೆ. ಅದರ ಬದಲು ಪಾಲಿಕೆಯ ವಾರ್ಡ್ ಕಚೇರಿಯ ಆರೋಗ್ಯಾಧಿಕಾರಿಗೆ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಇನ್ನೊಂದು ಮಾತು, ಇಲ್ಲಿನ ಹೋಟೆಲು-ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಕನ್ನಡಿಗರಿಗಾಗಿ. ಮುಂಬೈಯ ಹೆಸರಾಂತ ಆಸ್ಪತ್ರೆಗಳಲ್ಲಿ ಅನೇಕವು ಧರ್ಮದತ್ತಿ ಟ್ರಸ್ಟುಗಳವು. ಬಾಂಬೆ ಹೈಕೋರ್ಟ್ ಒಪ್ಪಿದ 2006ರ ಯೋಜನೆಯಂತೆ ಇಂಥ ಆಸ್ಪತ್ರೆಗಳು ಶೇ 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನೂ ಶೇ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ವಾರ್ಷಿಕ ಆದಾಯದ ಮಿತಿ ಕ್ರಮವಾಗಿ 1.80 ಲಕ್ಷ ಮತ್ತು 3.60 ಲಕ್ಷ ರೂಪಾಯಿ. ಇದಕ್ಕೆಂದೇ ಬಿಲ್ಲಿನ ಒಟ್ಟು ಆದಾಯದ ಶೇ 2ರಷ್ಟನ್ನು ಪ್ರತ್ಯೇಕ ನಿಧಿಗೆ ತೆಗೆದಿಡಬೇಕು. ಪಡಿತರ ಚೀಟಿಯೋ ತಹಶೀಲ್ದಾರರ ಆದಾಯ ಪತ್ರವೋ ಕೈಯಲ್ಲಿರಲಿ, ದಾಖಲಾಗುವ ದಿನವೇ ಕೇಳಿ.

ಮಾಟುಂಗ, ಮಾಹಿಮ್, ಕುರ್ಲಾ, ಡೊಂಬಿವಲಿಯ ಕನ್ನಡ ಸಂಘಗಳಿಗೆ ನನ್ನದೊಂದು ಬಿನ್ನಹ. ಲೆಡ್ಜರಿನಲ್ಲೇ ಬದುಕು ಸವೆಸಿದ ನಿವೃತ್ತ ಬ್ಯಾಂಕ್ ನೌಕರರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ವಾರಕ್ಕೆರಡು ಸಂಜೆ ಒಬ್ಬರನ್ನು ಆಸ್ಪತ್ರೆಯ ಬಿಲ್ಲು ಓದಿಕೊಡಲು ಕೂರಿಸಿ. ಒಂದು ಮೇಜು, ಒಂದು ಕೆಂಪು ಪೆನ್ನು ಸಾಕು.