ಜಾತಿ ತಾರತಮ್ಯಕ್ಕೆ ಜನಾಂಗೀಯ ಒಡಂಬಡಿಕೆ ಅನ್ವಯವೇ?

ಚರ್ಮದ ಬಣ್ಣದ ಕಾರಣಕ್ಕೆ ವ್ಯಕ್ತಿಯೊಬ್ಬನ ಹಕ್ಕನ್ನು ನಿರಾಕರಿಸುವುದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ. ಜಾತಿಯ ಕಾರಣಕ್ಕೆ ಅದೇ ಹಕ್ಕನ್ನು ಕಳೆದುಕೊಂಡವನಿಗೂ ಆ ಕಾನೂನಿನ ರಕ್ಷಣೆ ಇದೆಯೇ? ಈ ಪ್ರಶ್ನೆಗೆ ಭಾರತ ಸರ್ಕಾರ ಮತ್ತು ವಿಶ್ವಸಂಸ್ಥೆಯ ತಜ್ಞರ ಸಮಿತಿ ಭಿನ್ನ ಉತ್ತರ ನೀಡಿವೆ. ವಿವಾದದ ಕೇಂದ್ರದಲ್ಲಿರುವುದು ಭಾರತವೇ ಸೂಚಿಸಿದ ಒಂದು ಪದ.

ಒಡಂಬಡಿಕೆಯ ಹಿನ್ನೆಲೆ

ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ವಿರುದ್ಧ ನಡೆಯುತ್ತಿದ್ದ ತಾರತಮ್ಯವನ್ನು ಭಾರತ 1946ರಲ್ಲೇ ವಿಶ್ವಸಂಸ್ಥೆಯ ಮುಂದಿಟ್ಟಿತ್ತು. ಇದು ತನ್ನ ಆಂತರಿಕ ವಿಷಯ ಎಂಬ ದಕ್ಷಿಣ ಆಫ್ರಿಕದ ವಾದವನ್ನು ಭಾರತ ಒಪ್ಪಲಿಲ್ಲ. 1960ರ ಮಾರ್ಚ್ 21ರಂದು ಅದೇ ದೇಶದ ಶಾರ್ಪ್‌ವಿಲ್‌ನಲ್ಲಿ ಪ್ರತಿಭಟನಾಕಾರರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಆ ದಿನವನ್ನು ಇಂದು ಜನಾಂಗೀಯ ತಾರತಮ್ಯ ನಿರ್ಮೂಲನಾ ದಿನವಾಗಿ ಆಚರಿಸಲಾಗುತ್ತಿದೆ.

ಜನಾಂಗೀಯ ತಾರತಮ್ಯದ ಎಲ್ಲ ರೂಪಗಳ ನಿರ್ಮೂಲನೆಯ ಒಡಂಬಡಿಕೆಯನ್ನು ಮಹಾಸಭೆ 1965ರ ಡಿಸೆಂಬರ್ 21ರಂದು ಅಂಗೀಕರಿಸಿತು. ಭಾರತ 1968ರಲ್ಲಿ ಅದನ್ನು ಅನುಮೋದಿಸಿತು. 1969ರ ಜನವರಿಯಲ್ಲಿ ಅದು ಜಾರಿಗೆ ಬಂದಿತು.

ಒಂದು ಪದ, ಎರಡು ಅರ್ಥ

ಒಡಂಬಡಿಕೆಯ ಒಂದನೇ ವಿಧಿಯು ಜನಾಂಗ, ವರ್ಣ, ವಂಶಮೂಲ, ರಾಷ್ಟ್ರೀಯ ಅಥವಾ ಜನಸಮುದಾಯದ ಮೂಲ ಆಧರಿಸಿದ ತಾರತಮ್ಯವನ್ನು ಜನಾಂಗೀಯ ತಾರತಮ್ಯವೆಂದು ವ್ಯಾಖ್ಯಾನಿಸುತ್ತದೆ. ಇದರಲ್ಲಿ 'ವಂಶಮೂಲ' ಎಂಬ ಪದ ಸೇರಿದ್ದು ಭಾರತದ ತಿದ್ದುಪಡಿಯಿಂದ. ಆ ಪದ ಜನಾಂಗಕ್ಕೆ ಸಂಬಂಧಿಸಿದ್ದು, ಜಾತಿ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ಸರ್ಕಾರದ ನಿಲುವು. ಒಡಂಬಡಿಕೆಯ ಪಾಲನೆಯನ್ನು ಪರಿಶೀಲಿಸುವ 18 ತಜ್ಞರ ಸಮಿತಿ 1996ರಲ್ಲಿ ಈ ವಾದವನ್ನು ತಿರಸ್ಕರಿಸಿತು.

2001ರಲ್ಲಿ ಡರ್ಬನ್‌ನಲ್ಲಿ ನಡೆದ ಜನಾಂಗೀಯತೆ ವಿರುದ್ಧದ ವಿಶ್ವ ಸಮ್ಮೇಳನದಲ್ಲಿ ಜಾತಿಯ ಪ್ರಸ್ತಾಪವನ್ನು ಭಾರತ ವಿರೋಧಿಸಿತು. ಆ ಸಮ್ಮೇಳನಕ್ಕೆ ವೇದಿಕೆಯಾಗಿದ್ದುದು ದಕ್ಷಿಣ ಆಫ್ರಿಕವೇ ಎಂಬುದು ಗಮನಾರ್ಹ.

ಸಮಿತಿ 2002ರಲ್ಲಿ ತನ್ನ 29ನೇ ಸಾಮಾನ್ಯ ಶಿಫಾರಸಿನ ಮೂಲಕ, ಹುಟ್ಟಿನಿಂದ ಬರುವ ಜಾತಿಯಂತಹ ಸ್ಥಾನಮಾನ ಆಧರಿಸಿದ ತಾರತಮ್ಯವೂ 'ವಂಶಮೂಲ'ದಲ್ಲಿ ಅಡಕವಾಗಿದೆ ಎಂದು ಸ್ಪಷ್ಟಪಡಿಸಿತು. ಇಂತಹ ಸಮುದಾಯಗಳನ್ನು ಗುರುತಿಸುವ ಲಕ್ಷಣಗಳನ್ನೂ ಪಟ್ಟಿ ಮಾಡಿತು: ಹೊರಗೆ ಮದುವೆಯಾಗಲು ಅಡ್ಡಿ, ಪ್ರತ್ಯೇಕ ವಸತಿ, ಪೂಜಾ ಸ್ಥಳ ಹಾಗೂ ಸಾರ್ವಜನಿಕ ನೀರಿನ ಮೂಲಗಳಿಗೆ ನಿರ್ಬಂಧ, ಕುಲಕಸುಬು ಬಿಡಲು ಸ್ವಾತಂತ್ರ್ಯವಿಲ್ಲದಿರುವುದು, ಜೀತ, ಮೈಲಿಗೆಯ ಭಾವನೆ. ಈ ಪಟ್ಟಿಯನ್ನು ಓದುವ ಕನ್ನಡಿಗನಿಗೆ ಹೆಚ್ಚಿನ ವಿವರಣೆ ಬೇಕಾಗಲಾರದು.

ಅಸ್ಪೃಶ್ಯತೆಗೆ ಸಮನಾದುದು ವರ್ಣಭೇದ ನೀತಿ ಮಾತ್ರ ಎಂದು 2006ರ ಡಿಸೆಂಬರ್‌ನಲ್ಲಿ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಹೇಳಿದ್ದರು. ಎರಡು ತಿಂಗಳ ನಂತರ, 2007ರ ಫೆಬ್ರುವರಿಯಲ್ಲಿ, ಸಮಿತಿಯ ಮುಂದೆ ಭಾರತದ ನಿಯೋಗ ಹಳೆಯ ನಿಲುವನ್ನೇ ಪುನರುಚ್ಚರಿಸಿತು. ಸಮಿತಿಯೂ ತನ್ನ ನಿಲುವನ್ನು ಬದಲಿಸಲಿಲ್ಲ.

ಸಂತ್ರಸ್ತರಿಗೆ ಏನು ಪ್ರಯೋಜನ?

ನೊಂದವರು ನೇರವಾಗಿ ಸಮಿತಿಗೆ ದೂರು ನೀಡಲು 14ನೇ ವಿಧಿ ಅವಕಾಶ ಕಲ್ಪಿಸುತ್ತದೆ. ಆದರೆ ಅದಕ್ಕೆ ಆಯಾ ರಾಷ್ಟ್ರದ ಪ್ರತ್ಯೇಕ ಸಮ್ಮತಿ ಅಗತ್ಯ. ಭಾರತ ಅದನ್ನು ನೀಡಿಲ್ಲ. ರಾಷ್ಟ್ರಗಳ ನಡುವಿನ ವ್ಯಾಜ್ಯವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯುವ 22ನೇ ವಿಧಿಗೂ ಭಾರತದ ತಕರಾರಿದೆ. ಹೀಗಾಗಿ ಉಳಿಯುವುದು ಸರ್ಕಾರ ಸಲ್ಲಿಸುವ ವರದಿ ಹಾಗೂ ಅದರ ಮೇಲಿನ ಬಹಿರಂಗ ಪರಿಶೀಲನೆ ಮಾತ್ರ.

ದೇಶದೊಳಗೆ ಕಾನೂನುಗಳಿಗೆ ಕೊರತೆಯಿಲ್ಲ. ಬಾವಿ, ಕೆರೆ, ರಸ್ತೆಗಳ ಬಳಕೆಯಲ್ಲಿ ಜಾತಿಯ ಅಡ್ಡಿ ಇರಕೂಡದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ಶಿಕ್ಷೆ ವಿಧಿಸುತ್ತದೆ. ಈ ಕಾನೂನುಗಳಿರುವುದರಿಂದ ಹೊರಗಿನ ಪರಿಶೀಲನೆ ಅನಗತ್ಯ ಎಂಬುದು ಒಂದು ವಾದ. ಅವುಗಳ ಪಾಲನೆಯ ಲೆಕ್ಕವನ್ನು ಜಗತ್ತಿನ ಮುಂದಿಡಲು ಹಿಂಜರಿಕೆ ಏಕೆ ಎಂಬುದು ಇನ್ನೊಂದು. 1946ರಲ್ಲಿ ದಕ್ಷಿಣ ಆಫ್ರಿಕಕ್ಕೆ ಭಾರತ ಕೇಳಿದ್ದೂ ಇದೇ ಪ್ರಶ್ನೆಯನ್ನು.