ಅಡಿಕೆ ಬೇಯಿಸಲು ಯಾವ ಒಲೆ? ಇರುವ ಹಣವನ್ನು ಎಲ್ಲಿ ಹಾಕಬೇಕು?

ಮಲೆನಾಡಿನಲ್ಲಿ ಕೊನೆ ಕೊಯ್ಲು ಆರಂಭವಾಯಿತೆಂದರೆ ಅಂಗಳದ ಒಲೆಗೆ ಬಿಡುವಿಲ್ಲ. ಹಗಲು ಕೊಯ್ದ ಅಡಿಕೆಯನ್ನು ಸುಲಿದು, ಚೊಗರು ಸೇರಿಸಿ ಬೇಯಿಸುವಷ್ಟರಲ್ಲಿ ರಾತ್ರಿ ಬಹಳವಾಗಿರುತ್ತದೆ. ಕಷ್ಟಪಟ್ಟು ಕೂಡಿಟ್ಟ ಸೌದೆ ಕರಗುತ್ತದೆ. ಒಲೆಯ ಮುಂದೆ ಕುಳಿತವರ ಕಣ್ಣು, ಎದೆ ಹೊಗೆಗೆ ಬಲಿಯಾಗುತ್ತವೆ. ಆದ್ದರಿಂದ ಸಣ್ಣ ತೋಟದವರು ಕೇಳುವುದುಂಟು: ತಯಾರಾದ ಕಬ್ಬಿಣದ ಒಲೆ ಕೊಳ್ಳಬೇಕೆ, ಇದ್ದ ಒಲೆಯನ್ನೇ ಸುಧಾರಿಸಬೇಕೆ? ವರ್ಷದಲ್ಲಿ ಕೆಲವೇ ತಿಂಗಳು ಉರಿಯುವ ಒಲೆಗೆ ಸಾಲ ಮಾಡುವುದು ಬೇಡ. ಗಾಳಿ, ಹೊಗೆಗಳ ದಾರಿ ಸರಿಯಾಗಿದ್ದರೆ ಮಣ್ಣಿನ ಒಲೆಯೇ ಸಾಕು.

ಸೌದೆಯ ಲೆಕ್ಕ

ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು 7,500 ಕಿಲೋ ಕ್ಯಾಲರಿ ಶಾಖ ಬೇಕು. ಒಣಗಿದ ಒಂದು ಕಿಲೋ ಸೌದೆ ಸುಮಾರು 3,500 ಕಿಲೋ ಕ್ಯಾಲರಿ ಕೊಡುತ್ತದೆ. ತೆರೆದ ಒಲೆಯಲ್ಲಿ ಇದರ ಶೇಕಡ 10 ಭಾಗ ಮಾತ್ರ ಹಂಡೆಗೆ ಸೇರಿದರೆ 21 ಕಿಲೋ ಸೌದೆ ಬೇಕು. ಶೇಕಡ 30 ಸೇರಿದರೆ 7 ಕಿಲೋ ಸಾಕು. ದಿನಕ್ಕೊಮ್ಮೆಯಂತೆ 40 ದಿನ ಕಾಯಿಸಿದರೆ 560 ಕಿಲೋ ಉಳಿತಾಯ. ನಿಮ್ಮೂರಿನ ಸೌದೆಯ ದರದಿಂದ ಇದನ್ನು ಗುಣಿಸಿ ನೋಡಿದರೆ, ಒಲೆಗೆ ಎಷ್ಟು ಖರ್ಚು ಮಾಡಬಹುದೆಂದು ತಿಳಿಯುತ್ತದೆ.

ಮೊದಲು ಯಾವುದಕ್ಕೆ ಖರ್ಚು?

1. ಹಂಡೆಯ ಅಳತೆ: ಒಲೆಯನ್ನು ಹಂಡೆಗೆ ತಕ್ಕಂತೆ ಕಟ್ಟಿಸಬೇಕು. ಹಂಡೆಯ ಕೆಳಭಾಗ ಒಲೆಯೊಳಗೆ ಇಳಿದು, ಸುತ್ತಲೂ ಒಂದರಿಂದ ಒಂದೂವರೆ ಬೆರಳು ಸಂದಿ ಇರಲಿ. ಬಿಸಿ ಗಾಳಿ ಹಂಡೆಯನ್ನು ತಬ್ಬಿಕೊಂಡೇ ಹೊರಹೋಗಬೇಕು.

2. ಸರಳಿನ ಜಾಲರಿ: ಸೌದೆ ನೆಲದ ಮೇಲೆ ಉರಿಯಬಾರದು. ಜಾಲರಿಯ ಕೆಳಗಿನಿಂದ ಗಾಳಿ ಬಂದರೆ ಕೆಂಡ ಪೂರ್ತಿ ಉರಿಯುತ್ತದೆ, ಬೂದಿ ತಾನಾಗಿ ಕೆಳಗೆ ಬೀಳುತ್ತದೆ. ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಇದೇ.

3. ಹೊಗೆ ಕೊಳವೆ: ಇದು ಮಾಡಿಗಿಂತ ಎತ್ತರವಿರಬೇಕು, ಸೋಗೆ, ಹುಲ್ಲಿನ ಮಾಡಿನಿಂದ ದೂರವಿರಬೇಕು. ಕಲ್ನಾರಿನ ಕೊಳವೆ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ.

4. ಬಾಯಿಗೆ ಮುಚ್ಚಳ: ಸೌದೆ ಹಾಕಿದ ಮೇಲೆ ತಗಡಿನ ಮುಚ್ಚಳ ಹಾಕಿದರೆ ಶಾಖ ಹೊರಗೆ ಸೂಸುವುದಿಲ್ಲ.

ಒಳಗೋಡೆಗೆ ಇಟ್ಟಿಗೆ ಮತ್ತು ಮಣ್ಣಿನ ಗಾರೆಯೇ ಯೋಗ್ಯ. ಸಿಮೆಂಟ್ ಗಾರೆ ಉರಿಯ ಝಳಕ್ಕೆ ಬಿರಿಯುತ್ತದೆ.

ಇವು ಹೊಸ ತತ್ವಗಳೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ, 1980ರ ದಶಕದಲ್ಲಿ ಹಳ್ಳಿಗಳಿಗೆ ಬಂದ ಅಸ್ತ್ರ ಒಲೆಯಲ್ಲಿಯೂ ಜಾಲರಿ, ಮುಚ್ಚಿದ ಒಲೆ, ಹೊಗೆ ಕೊಳವೆಗಳೇ ಮುಖ್ಯವಾಗಿದ್ದವು.

ತಯಾರಾದ ಒಲೆ ಯಾರಿಗೆ?

ಒಲೆಯನ್ನು ಜಾಗದಿಂದ ಜಾಗಕ್ಕೆ ಒಯ್ಯಬೇಕಾದವರಿಗೆ, ಚೇಣಿ ಹಿಡಿದು ಬೇರೆಯವರ ಅಂಗಳದಲ್ಲಿ ಬೇಯಿಸುವವರಿಗೆ ಕಬ್ಬಿಣದ ಒಲೆ ಅನುಕೂಲ. ಕೊಳ್ಳುವಾಗ ಹಂಡೆಯ ಅಳತೆ ಒಯ್ಯಿರಿ. ಜಾಲರಿ ಸುಟ್ಟುಹೋದರೆ ಬದಲಿಸಲು ಬರುತ್ತದೆಯೇ ಎಂದು ಕೇಳಿ. ತೆಳು ತಗಡಿನದು ಬೇಗ ತುಕ್ಕು ಹಿಡಿಯುತ್ತದೆ.

ಹಸಿ ಸೌದೆ ಬೇಡ

ಆಗತಾನೆ ಕಡಿದ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರು ಆವಿಯಾಗಲು ಶಾಖ ವ್ಯರ್ಥವಾಗುವುದರಿಂದ ಕಿಲೋಗೆ ಸಿಗುವ ಫಲ ಒಣ ಸೌದೆಯ ಅರ್ಧದಷ್ಟು ಮಾತ್ರ. ಬೇಸಿಗೆಯಲ್ಲಿಯೇ ಸೀಳಿ, ಮಳೆಗೆ ಮೊದಲು ಮಾಡಿನಡಿ ಒಟ್ಟಿಡಿ. ಎಷ್ಟೇ ಒಳ್ಳೆಯ ಒಲೆಯಾದರೂ ಹಸಿ ಸೌದೆಗೆ ಹೊಗೆಯಾಡುತ್ತದೆ.

ಒಲೆ ಕಟ್ಟಿದ ಮೇಲೆ ಪರೀಕ್ಷೆ ಮಾಡಿರಿ. ಹಳೆಯ ಒಲೆಯಲ್ಲಿ ಹಂಡೆ ನೀರು ಕುದಿಯಲು ಹಿಡಿದ ಸೌದೆಯನ್ನು ಮೊದಲೇ ತೂಗಿಟ್ಟುಕೊಂಡು, ಹೊಸದರಲ್ಲಿಯೂ ಅಷ್ಟೇ ನೀರಿಟ್ಟು ತೂಗಿರಿ. ತೂಕ ಇಳಿಯದಿದ್ದರೆ ಸಂದಿ ಅಗಲವಾಗಿರಬಹುದು. ಬಾಯಿಂದ ಹೊಗೆ ಬಂದರೆ ಸಂದಿ ಕಿರಿದಾಗಿದೆ ಅಥವಾ ಕೊಳವೆ ಕಟ್ಟಿದೆ. ಕೊಯ್ಲಿಗೆ ಮುಂಚೆಯೇ ತಿದ್ದಿಸಿಕೊಂಡರೆ ಸೌದೆಯೂ ಉಳಿದೀತು, ಮನೆಯವರ ಎದೆಯೂ ಉಳಿದೀತು.